ಸೋದೆಯ ಹೆಬ್ಬಾಗಿಲು

ಬನವಾಸಿಯಿಂದ ಸಿರಸಿಯ ಕಡೆಗೆ ಹೊರಟವರಿಗೆ ಸುಮಾರು ೫ ಕಿಲೋಮೀಟರ್ ದೂರದಲ್ಲಿ ಗುಡ್ನಾಪುರದ ಕೆರೆ ಎದುರಾಗುತ್ತದೆ. ಮಳೆಗಾಲ ಕಳೆದ ಹೊಸದರಲ್ಲಿ ಅದನ್ನು ಕಂಡವರು ಕೆರೆಯೆಂದು ಕರೆಯಲು ಹಿಂಜರಿಯುವಷ್ಟು ವಿಸ್ತಾರವಾದ ಜಲರಾಶಿ ಅದು. ಈ ಊರಿನ ಶಿಲಾಸ್ತಂಭವೊಂದರ ಮೇಲಿದ್ದ ಕದಂಬ ದೊರೆ ರವಿವರ್ಮನ ಸಂಸ್ಕೃತ ಶಾಸನವನ್ನು ೧೯೭೦ರ ದಶಕದ ಆರಂಭದಲ್ಲಿ ಡಾ. ಬಾ. ರಾ. ಗೋಪಾಲ್ ಅವರು ಬೆಳಕಿಗೆ ತಂದರು. ಮಯೂರವರ್ಮನ ತಂದೆ ಬಂಧುಷೇಣನೆಂಬ ಸಂಗತಿ ತಿಳಿದುದು ಈ ಶಾಸನದಿಂದ. ಕಾಮದೇವನಿಗಾಗಿ ಅರಸನು ಕಟ್ಟಿಸಿದ ಆಲಯ, ಅದರ ಸಮೀಪದ ಅರಮನೆ, ನೃತ್ಯಶಾಲೆ ಇವುಗಳ ಮಾತೂ ಅದರಲ್ಲಿ ಬರುತ್ತದೆ. ಶಾಸನದಲ್ಲಿ ಉಕ್ತವಾದ ಗುಡ್ಡತಟಾಕವೇ ಈ ಕೆರೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಅರಮನೆ ಮಣ್ಣಾಗಿದೆ, ನೃತ್ಯಶಾಲೆ ಮಣ್ಣಾಗಿದೆ, ಕೆರೆ ಉಳಿದಿದೆ. ಕೆರೆ ಉಳಿದುದಕ್ಕೆ ಕಾರಣ ಸರಳವಾದುದು. ಒಂದೂವರೆ ಸಾವಿರ ವರ್ಷಗಳಿಂದ ಅದರ ನೀರು ಯಾರಿಗಾದರೂ ಬೇಕಾಗಿತ್ತು. ಹೂಳು ತುಂಬಿದರೆ ತೆಗೆಯುವವರಿದ್ದರು, ಏರಿ ಕುಸಿದರೆ ಕಟ್ಟುವವರಿದ್ದರು. ಅರಮನೆಯಾದರೋ ಅರಸನಿರುವವರೆಗೆ ಮಾತ್ರ ಬೇಕಾದ ವಸ್ತು.

ಕದಂಬರ ಲಾಂಛನ ಸಿಂಹ. ಅವರ ಧ್ವಜದ ಮೇಲಿದ್ದುದು ವಾನರ. ಸಿಂಹವು ಈ ಮಲೆನಾಡಿನ ಪ್ರಾಣಿಯಲ್ಲ. ಕವಿಗಳ ಬಾಯಿಂದಲೂ ಶಿಲ್ಪಿಗಳ ಉಳಿಯಿಂದಲೂ ಅದು ಇಲ್ಲಿಗೆ ಬಂದಿತು. ವಾನರವಾದರೋ ಅರಸರಿಗಿಂತ ಮೊದಲೇ ಇಲ್ಲಿ ನೆಲೆಸಿದ್ದ ಜೀವಿ. ಧ್ವಜವನ್ನೂ ಲಾಂಛನವನ್ನೂ ಒಂದೇ ದೇಹದಲ್ಲಿ ಧರಿಸಿದಂತಿರುವ ಪ್ರಾಣಿಯೊಂದು ಸಿರಸಿ ಸಿದ್ದಾಪುರಗಳ ಘಟ್ಟದಂಚಿನ ಕಾಡಿನಲ್ಲಿ ಇಂದಿಗೂ ಇದೆ. ಅದೇ ಸಿಂಗಳೀಕ. ಮೈ ಕಪ್ಪು, ಮುಖದ ಸುತ್ತ ಬೂದುಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹದ ಬಾಲಕ್ಕಿರುವಂಥ ಕುಚ್ಚು. ಅದರ ವಿಷಯ ಮುಂದೆ ಬರುತ್ತದೆ. ಈಗ ಹೇಳಬೇಕಾದುದು ಅರಸರೂ ಬಿಟ್ಟುಹೋದ, ಜನರೂ ಬಿಟ್ಟುಹೋದ, ವಾನರಗಳು ಮಾತ್ರ ಬಿಟ್ಟುಹೋಗದ ಒಂದು ಬಾಗಿಲಿನ ಮಾತು.

ಸಿರಸಿಯಿಂದ ಯಲ್ಲಾಪುರದ ದಾರಿ ಹಿಡಿದು ಹೋದರೆ ಸುಮಾರು ೨೦ ಕಿಲೋಮೀಟರಿನೊಳಗೆ ಸೋದೆ ಸಿಗುತ್ತದೆ. ಸೋಂದಾ, ಸ್ವಾದಿ, ಸುಧಾಪುರ ಎಂಬ ಹೆಸರುಗಳೂ ಇದರವೇ. ವಾದಿರಾಜರು ನೆಲೆಸಿದ ಮಠ, ಸ್ವರ್ಣವಲ್ಲೀ ಮಠ, ಜೈನ ಮಠ ಈ ಮೂರೂ ಈ ಸೀಮೆಯಲ್ಲಿ ಇರುವುದರಿಂದ ಯಾತ್ರಿಕರಿಗೆ ಇದು ಪರಿಚಿತವಾದ ಸ್ಥಳ. ೧೫೫೫ರ ಸುಮಾರಿಗೆ ಅರಸಪ್ಪನಾಯಕನಿಂದ ಆರಂಭವಾದ ಸೋದೆಯ ಅರಸುಮನೆತನ ಎರಡು ಶತಮಾನಗಳ ಕಾಲ ಇಲ್ಲಿಂದ ಆಳಿತು. ಇವರ ಕಾಡಿನ ಕರಿಮೆಣಸಿಗೆ ಕಡಲಾಚೆಯವರೂ ಆಸೆಪಟ್ಟರು. ಈ ಮನೆತನದ ಸದಾಶಿವರಾಯನು ಕನ್ನಡದಲ್ಲಿ ಕೃತಿಗಳನ್ನು ರಚಿಸಿದ ಕವಿಯೂ ಆಗಿದ್ದನು. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯ ಸೈನ್ಯವು ಅದರ ಬೆನ್ನಲ್ಲೇ ಸೋದೆಯನ್ನೂ ಹಿಡಿಯಿತು. ಕೊನೆಯ ಅರಸನಾದ ಇಮ್ಮಡಿ ಸದಾಶಿವನು ಘಟ್ಟವನ್ನಿಳಿದು ಗೋವೆಗೆ ಹೋಗಿ ಪೋರ್ತುಗೀಸರ ಆಶ್ರಯದಲ್ಲಿ ನಿಂತನು. ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಮಾರ್ಗವಾಗಿ ಬಂದಾಗ ರಾಜಧಾನಿಯಾಗಿದ್ದ ಊರಿನಲ್ಲಿ ಉಳಿದಿದ್ದುದು ಕೆಲವೇ ಮನೆಗಳು. ನಾಲ್ವತ್ತು ವರ್ಷಗಳು ತುಂಬುವುದರೊಳಗೆ ಕಾಡು ತನ್ನ ಜಾಗವನ್ನು ಹಿಂದಕ್ಕೆ ಪಡೆದಿತ್ತು.

ಶಾಲ್ಮಲಾ ನದಿಯ ಬಳಿಯ ಎತ್ತರದ ನೆಲದಲ್ಲಿ ಸೋದೆಯ ಕೋಟೆಯಿದೆ. ಮುಂಬಯಿ ಸರಕಾರವು ೧೮೮೩ರಲ್ಲಿ ಪ್ರಕಟಿಸಿದ ಕೆನರಾ ಜಿಲ್ಲೆಯ ಗ್ಯಾಜೆಟಿಯರಿನಲ್ಲಿ ಇದರ ವರ್ಣನೆ ಬಂದಿದೆ. ಆಗಲೇ ಕೋಟೆ ಹಾಳುಬಿದ್ದು, ಗೋಡೆಗಳು ಮರಗಿಡಗಳಲ್ಲಿ ಮುಚ್ಚಿಹೋಗಿದ್ದವು. ಹೆಬ್ಬಾಗಿಲಿನ ಕಂಬಗಳು ೧೪ರಿಂದ ೧೬ ಅಡಿ ಉದ್ದದ ಏಕಶಿಲೆಗಳೆಂದು ಆ ಗ್ರಂಥ ಹೇಳುತ್ತದೆ. ಒಳಗಡೆ, ಕೆತ್ತನೆಯ ಐದು ಕುಳ್ಳುಗಂಬಗಳ ಮೇಲೆ ನಿಂತ, ೧೨ ಅಡಿ ಚಚ್ಚೌಕದ, ಅರ್ಧ ಅಡಿ ದಪ್ಪದ ಒಂದೇ ಕಲ್ಲಿನ ಹಾಸು ಇದೆ. ಅದು ಅರಸರ ಸಿಂಹಾಸನವೆಂದು ಜನರ ನಂಬಿಕೆ. ಅರಮನೆಯ ಗುರುತಾಗಿ ಉಳಿದುದು ಅದಿಷ್ಟೇ. ಕಬ್ಬಿಣದ ಫಿರಂಗಿಗಳೂ ಇಲ್ಲಿವೆ. ಈಗ ಅವುಗಳ ಮೇಲೆ ಕುಳಿತು ಚಿತ್ರ ತೆಗೆಸಿಕೊಳ್ಳುವುದು ಪ್ರವಾಸಿಗರ ಮುಖ್ಯವಾದ ಕಾರ್ಯಕ್ರಮ.

ಕೋಟೆಯ ಬಾಗಿಲೆಂದರೆ ಸಾಮಾನ್ಯವಾದ ವಸ್ತುವಲ್ಲ. ಗೋಡೆಯನ್ನು ಕಟ್ಟುವುದು ಸುಲಭ. ಅದು ಎಲ್ಲರನ್ನೂ ಹೊರಗಿಡುತ್ತದೆ. ಬಾಗಿಲು ಕೆಲವರನ್ನು ಒಳಗೆ ಬಿಡಬೇಕು, ಕೆಲವರನ್ನು ತಡೆಯಬೇಕು. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬ ವಿವೇಕವಿಲ್ಲದ ಕಡೆ ಬಾಗಿಲಿಗೆ ಅರ್ಥವಿಲ್ಲ. ಹಿಂದೆ ಈ ವಿವೇಕವು ಕಾವಲಿನ ಭಟನದಾಗಿತ್ತು. ಈಗ ಭಟನಿಲ್ಲ, ಕದವಿಲ್ಲ. ಬಾಗಿಲ ಬಳಿಯ ಗೋಡೆಯ ಮೇಲೆ ಮಂಗಗಳು ಕುಳಿತಿರುತ್ತವೆ. ಬರುವವರ ಕೈಯಲ್ಲಿ ಏನಿದೆಯೆಂಬುದನ್ನು ಹಿಂದಿನ ಸುಂಕದ ಅಧಿಕಾರಿಗಳಿಗಿಂತ ಹೆಚ್ಚು ನಿಷ್ಠೆಯಿಂದ ಅವು ಪರೀಕ್ಷಿಸುತ್ತವೆ.

ಸೋದೆಯ ಸುತ್ತಮುತ್ತ ಕಾಣಸಿಗುವ ಕೋತಿಗಳು ಎರಡು ಬಗೆಯವು. ನೆತ್ತಿಯ ಮೇಲೆ ಟೊಪ್ಪಿಗೆಯಿಟ್ಟಂತೆ ಕೂದಲು ಹರಡಿಕೊಂಡಿರುವ, ಕಂದುಬಣ್ಣದ ಸಾಮಾನ್ಯ ಮಂಗ ಒಂದು. ಕಪ್ಪುಮೋರೆಯ, ನೀಳವಾದ ಬಾಲದ ಮುಸುವ ಇನ್ನೊಂದು. ಇವೆರಡರ ಸ್ವಭಾವ ಬೇರೆ ಬೇರೆ. ಮುಸುವ ಮುಖ್ಯವಾಗಿ ಎಲೆ ತಿನ್ನುವ ಪ್ರಾಣಿ. ಎಲೆಯನ್ನು ನಿಧಾನವಾಗಿ ಜೀರ್ಣಿಸಿಕೊಳ್ಳುವುದಕ್ಕೆ ಅದರ ಜಠರದಲ್ಲಿ ಹಲವು ಕೋಣೆಗಳಿವೆ. ಮಂಗದ ಕೆನ್ನೆಯೊಳಗೆ ಚೀಲಗಳಿವೆ. ಸಿಕ್ಕಿದ ಹಣ್ಣನ್ನು ಅವಸರದಲ್ಲಿ ಆ ಚೀಲಗಳಿಗೆ ತುಂಬಿಕೊಂಡು, ದೂರದ ಕೊಂಬೆಗೆ ಹೋಗಿ ನಿಶ್ಚಿಂತೆಯಿಂದ ತಿಂದು, ಬೀಜವನ್ನು ಉಗುಳುವುದು ಅದರ ಕ್ರಮ. ಹೀಗೆ ಉಗುಳಿದ ಬೀಜ, ಮಲದೊಡನೆ ಬಿದ್ದ ಬೀಜ ತಾಯಿಮರದಿಂದ ಬಹುದೂರ ಮೊಳೆಯುತ್ತವೆ. ಮಲೆನಾಡಿನ ಕಾಡಿನಲ್ಲಿ ಯಾರೂ ನೆಡದೆ ಬೆಳೆದ ಎಷ್ಟೋ ಹಣ್ಣಿನ ಮರಗಳು ಹಕ್ಕಿ, ಬಾವಲಿ, ಮಂಗಗಳ ಕೃಷಿ.

ಇಲ್ಲಿಯೇ ತೊಡಕು ಪ್ರಾರಂಭವಾಗುವುದು. ಆಲ, ಅತ್ತಿ, ಬಸರಿ ಮೊದಲಾದವುಗಳ ಬೀಜ ಸಾಸಿವೆಗಿಂತ ಸಣ್ಣದು. ಅದು ಹೆಬ್ಬಾಗಿಲಿನ ಮೇಲುಗಡೆಯ ಸಂದಿಯೊಂದರಲ್ಲಿ ಬಿದ್ದರೆ ಮೊದಲ ವರ್ಷ ಎರಡೆಲೆಯ ಸಸಿ, ಬೆರಳಿನಲ್ಲಿ ಕೀಳಬಹುದು. ಐದನೆಯ ವರ್ಷ ಅದಕ್ಕೆ ಕತ್ತಿ ಬೇಕು. ಇಪ್ಪತ್ತು ವರ್ಷಗಳಾದ ಮೇಲೆ ಬೇರು ಕಲ್ಲಿನೊಡನೆ ಎಂಥ ನಂಟು ಬೆಳೆಸಿರುತ್ತದೆಂದರೆ, ಮರವನ್ನು ಕಡಿದರೆ ಬೇರು ಕೊಳೆತು ಕಲ್ಲು ಸಡಿಲವಾಗಿ ಗೋಡೆ ಕುಸಿಯುತ್ತದೆ; ಕಡಿಯದಿದ್ದರೆ ಬೇರು ಬಲಿತು ಗೋಡೆ ಸೀಳುತ್ತದೆ. ಕಾಂಬೋಡಿಯಾ ದೇಶದ ಅಂಗ್ಕೋರಿನಲ್ಲಿ ತಾ ಪ್ರೋಮ್ ಎಂಬ ದೇವಾಲಯವಿದೆ. ಅಲ್ಲಿ ಮಹಾವೃಕ್ಷಗಳು ಗೋಪುರಗಳನ್ನು ಅಪ್ಪಿಕೊಂಡು ನಿಂತಿರುವ ನೋಟ ಜಗತ್ಪ್ರಸಿದ್ಧವಾದುದು. ಫ್ರೆಂಚ್ ತಜ್ಞರು ಆ ದೇವಾಲಯವನ್ನು ಬಹುಮಟ್ಟಿಗೆ ಕಾಡಿನ ವಶದಲ್ಲಿದ್ದಂತೆಯೇ ಬಿಟ್ಟರು. ಮುಂದೆ ಅದರ ಜೀರ್ಣೋದ್ಧಾರಕ್ಕೆ ಭಾರತದ ಪುರಾತತ್ತ್ವ ಇಲಾಖೆಯವರೇ ಹೋಗಬೇಕಾಯಿತು. ಮರವನ್ನೂ ಉಳಿಸಬೇಕು, ಕಲ್ಲನ್ನೂ ನಿಲ್ಲಿಸಬೇಕು ಎಂಬ ಕೆಲಸ ಎಷ್ಟು ಕಷ್ಟದ್ದೆಂಬುದನ್ನು ಅಲ್ಲಿ ದುಡಿದವರು ಬಲ್ಲರು.

ಕಾಡನ್ನು ಪ್ರೀತಿಸುವವರು ಮಂಗನ ಬೀಜವನ್ನು ಕೊಂಡಾಡುತ್ತಾರೆ; ಚರಿತ್ರೆಯನ್ನು ಪ್ರೀತಿಸುವವರು ಅದೇ ಬೀಜವನ್ನು ಶಪಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಈ ಜಗಳವನ್ನು ಬಗೆಹರಿಸುವ ಉಪಾಯ ದೊಡ್ಡ ಸಿದ್ಧಾಂತಗಳಲ್ಲಿಲ್ಲ. ಪ್ರತಿವರ್ಷ ಮಳೆಗಾಲ ಮುಗಿದ ಕೂಡಲೆ, ತಿಳಿದವರ ಮೇಲ್ವಿಚಾರಣೆಯಲ್ಲಿ, ಗೋಡೆಯ ಮೇಲಿನ ಸಸಿಗಳನ್ನು ಎಳೆಯದರಲ್ಲೇ ತೆಗೆಯಿಸುವುದರಲ್ಲಿದೆ. ಗೋಡೆಯಿಂದ ಹತ್ತು ಮಾರು ಆಚೆಗಿರುವ ಮರವನ್ನು ಯಾರೂ ಮುಟ್ಟಬೇಕಾಗಿಲ್ಲ. ಗುಡ್ನಾಪುರದ ಕೆರೆಯ ಹೂಳನ್ನು ತೆಗೆದಂತೆ ಇದು ಕೂಡ ವರ್ಷವರ್ಷವೂ ಮಾಡಬೇಕಾದ, ಯಾರಿಗೂ ಕೀರ್ತಿ ತಾರದ ಕೆಲಸ. ಕೀರ್ತಿ ತಾರದ ಕೆಲಸಗಳಿಗೆ ನಮ್ಮ ದೇಶದಲ್ಲಿ ಹಣ ಹುಟ್ಟುವುದು ಕಷ್ಟ. ಗೋಡೆ ಬಿದ್ದ ಮೇಲೆ ಪುನರ್ನಿರ್ಮಾಣಕ್ಕೆ ದೊರೆಯುವ ಹಣದ ಅಲ್ಪಾಂಶವು ಸಸಿ ಕೀಳುವ ಕೂಲಿಗೆ ದೊರೆತಿದ್ದರೆ ಎಷ್ಟೋ ಕೋಟೆಗಳು ನಿಂತಿರುತ್ತಿದ್ದವು.

ಪ್ರವಾಸಕ್ಕೆ ಬಂದವರು ಈ ಬಾಗಿಲಿನಲ್ಲಿ ಏನು ಮಾಡುತ್ತಾರೆಂಬುದನ್ನು ನೋಡಬೇಕು. ಡಿಸೆಂಬರ್ ಜನವರಿ ತಿಂಗಳುಗಳು ಶಾಲೆಗಳ ಪ್ರವಾಸದ ಕಾಲ. ಬಸ್ಸಿನಿಂದಿಳಿದ ಮಕ್ಕಳ ತಂಡವೊಂದು ಬಾಗಿಲಿನ ಮುಂದೆ ನಿಂತಿದೆಯೆನ್ನೋಣ. ಅಧ್ಯಾಪಕರು ಅರಸಪ್ಪನಾಯಕನ ವಿಷಯ ಹೇಳತೊಡಗುತ್ತಾರೆ. ಮಕ್ಕಳ ಕಣ್ಣು ಗೋಡೆಯ ಮೇಲಿನ ಮರಿಯ ಮೇಲೆ. ತಾಯಿಯ ಹೊಟ್ಟೆಯನ್ನು ತಬ್ಬಿಕೊಂಡು ಹಿಂದಿರುಗಿ ನೋಡುವ ಆ ಮರಿಯ ಮುಂದೆ ಯಾವ ಅರಸನ ಇತಿಹಾಸವೂ ರುಚಿಸುವುದಿಲ್ಲ. ಅದಕ್ಕಾಗಿ ಮಕ್ಕಳನ್ನು ದೂರುವುದೂ ತರವಲ್ಲ. ಒಬ್ಬ ಹುಡುಗ ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆಯುತ್ತಾನೆ. ತೆಗೆಯುವುದೇ ತಡ, ಮರಿಯ ತಾಯಿಯಲ್ಲ, ಎಲ್ಲಿಯೋ ಕುಳಿತಿದ್ದ ದಡೂತಿ ಗಂಡುಮಂಗವೊಂದು ಧುಮುಕಿ ಪೊಟ್ಟಣವನ್ನೂ ಅದರೊಡನೆ ಚೀಲವನ್ನೂ ಕಿತ್ತುಕೊಳ್ಳುತ್ತದೆ. ಹುಡುಗಿಯರು ಕಿರುಚುತ್ತಾರೆ, ಹುಡುಗರು ಕಲ್ಲೆತ್ತಿಕೊಳ್ಳುತ್ತಾರೆ. ಒಂದು ನಿಮಿಷದ ಹಿಂದೆ ಪ್ರೀತಿಯಿಂದ ಚಾಚಿದ ಕೈಯಲ್ಲಿಯೇ ಈಗ ಕಲ್ಲು.

ಅಡಿಕೆಯ ತೋಟಕ್ಕೆ ಹೋಗುತ್ತಿದ್ದ ಮುದುಕರೊಬ್ಬರು ಇದನ್ನು ಕಂಡು ನಿಲ್ಲುತ್ತಾರೆ.

“ಕಲ್ಲು ಕೆಳಗೆ ಹಾಕು, ತಮ್ಮಾ. ನೀನೇ ಕರೆದೆ, ಅದು ಬಂತು” ಎನ್ನುತ್ತಾರೆ.

“ಅಜ್ಜಾ, ನನ್ನ ಚೀಲ ಹೋಯ್ತಲ್ಲ!”

“ಚೀಲ ಹೋದದ್ದು ನಿನಗೆ ಇವತ್ತೊಂದು ದಿನ. ನೀವು ಬಸ್ಸು ಹತ್ತಿ ಹೋಗ್ತೀರಿ. ನಾಳೆ ಬಿಸ್ಕತ್ತು ಸಿಗದಿದ್ದಾಗ ಅದು ಎಲ್ಲಿಗೆ ಬರ್ತದೆ ಹೇಳು? ನನ್ನ ಬಾಳೆಗೊನೆಗೆ.”

ಈ ಮಾತಿನಲ್ಲಿ ಇಡೀ ಸಮಸ್ಯೆಯ ತಿರುಳಿದೆ. ಕೈಯಿಂದ ತಿನ್ನಿಸುವ ಪ್ರವಾಸಿಗನು ತಾನು ದಾನ ಮಾಡಿದೆನೆಂದು ತಿಳಿಯುತ್ತಾನೆ. ಅವನು ಕೊಟ್ಟದ್ದು ಒಂದು ತುತ್ತು. ಕಲಿಸಿದ್ದು ಮನುಷ್ಯನ ಕೈಯಲ್ಲಿ, ಮನುಷ್ಯನ ಮನೆಯಲ್ಲಿ ಅನ್ನವಿದೆಯೆಂಬ ಪಾಠ. ಆ ಪಾಠದ ಶುಲ್ಕವನ್ನು ತೆರುವವನು ಬೇರೆ. ಸಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಿಗರನ್ನು ಕೇಳಿದರೆ ತಿಳಿಯುತ್ತದೆ. ಎಳೆ ಅಡಿಕೆಯನ್ನು ಕಚ್ಚಿ ಉದುರಿಸುವುದು, ಬಲಿಯುವ ಮೊದಲೇ ಬಾಳೆಗೊನೆಯನ್ನು ಹಾಳುಮಾಡುವುದು, ಏಲಕ್ಕಿಯ ಹಿಂಡಿಲನ್ನು ಸೀಳುವುದು, ಎಳನೀರನ್ನು ಕೆಡಹುವುದು ಇವೆಲ್ಲ ಅವರಿಗೆ ವರ್ಷದ ಲೆಕ್ಕದಲ್ಲಿ ಬರುವ ನಷ್ಟ. ಮಂಗ ತಿನ್ನುವುದು ಸ್ವಲ್ಪ, ಕೆಡಿಸುವುದು ಬಹಳ. ಮನೆಯಲ್ಲಿ ಮಕ್ಕಳು ಊರು ಬಿಟ್ಟು ನಗರ ಸೇರಿದ ಮೇಲೆ ತೋಟ ಕಾಯುವುದಕ್ಕೆ ಆಳೂ ಇಲ್ಲ. ಎಪ್ಪತ್ತು ದಾಟಿದವರು ಕವಣೆ ಹಿಡಿದು ಮರದಿಂದ ಮರಕ್ಕೆ ಓಡಲಾರರು. ಇಂಥವರ ಮುಂದೆ ನಿಂತು ‘ವನ್ಯಜೀವಿಗಳನ್ನು ಪ್ರೀತಿಸಿರಿ’ ಎಂದು ಉಪದೇಶಿಸುವುದು ಸುಲಭ. ಕಾಡು ಉಳಿಯಬೇಕೆಂಬುದು ನಾಡಿನ ಎಲ್ಲರ ಆಸೆಯಾಗಿರುವಾಗ ಅದರ ಬೆಲೆಯನ್ನು ಕಾಡಂಚಿನ ಕೆಲವರೇ ತೆರುವುದು ನ್ಯಾಯವಲ್ಲ. ನಷ್ಟವನ್ನು ಸ್ಥಳದಲ್ಲಿಯೇ ಅಳೆದು, ಅಲೆದಾಡಿಸದೆ ಪರಿಹಾರ ಕೊಡುವ ಏರ್ಪಾಡು ಆಗಬೇಕಾದುದು ಅವಶ್ಯ.

ಮಂಗವೆಂದರೆ ಹನುಮಂತನ ರೂಪ, ಅದಕ್ಕೆ ತಿನ್ನಿಸಿದರೆ ಪುಣ್ಯ ಎನ್ನುವವರಿದ್ದಾರೆ. ಭಕ್ತಿಯನ್ನು ಅಲ್ಲಗಳೆಯಬೇಕಾಗಿಲ್ಲ. ರಾಮಾಯಣದ ಸುಂದರಕಾಂಡದಲ್ಲಿಯೇ ಒಂದು ಪ್ರಸಂಗವಿದೆ. ಸೀತೆಯನ್ನು ಕಂಡು ಮರಳಿದ ಸಂತೋಷದಲ್ಲಿ ಅಂಗದನ ಪರಿವಾರದ ವಾನರರು ಸುಗ್ರೀವನ ಮಧುವನಕ್ಕೆ ನುಗ್ಗಿ ಜೇನು ಕುಡಿದು ವನವನ್ನು ಹಾಳುಗೆಡವಿದರು. ತಡೆಯಲು ಬಂದ ಕಾವಲಿನ ದಧಿಮುಖನಿಗೆ ಪೆಟ್ಟು ಬಿದ್ದಿತು. ಅವನು ಅರಸನಲ್ಲಿಗೆ ಓಡಿ ದೂರು ಕೊಟ್ಟನು. ವಾನರರ ಅರಸನೇ ವಾನರರಿಂದ ತನ್ನ ತೋಟವನ್ನು ರಕ್ಷಿಸುವುದಕ್ಕೆ ಕಾವಲಿಟ್ಟಿದ್ದನೆಂದ ಮೇಲೆ ಸೋದೆಯ ತೋಟಿಗರು ಇಟ್ಟರೆ ಅದರಲ್ಲಿ ಅಪಚಾರವೇನಿದೆ? ಪುಣ್ಯ ಬೇಕೆನ್ನುವವರು ಒಂದು ಅತ್ತಿಯ ಸಸಿಯನ್ನೋ ನೇರಳೆಯ ಸಸಿಯನ್ನೋ ಕೋಟೆಯಿಂದ ದೂರದ ಬೋಳುಗುಡ್ಡದಲ್ಲಿ ನೆಟ್ಟು ಮೂರು ಬೇಸಗೆ ನೀರೆರೆಯಲಿ. ಮಂಗಗಳ ಹತ್ತು ತಲೆಮಾರು ಅದರ ಹಣ್ಣು ತಿನ್ನುತ್ತದೆ.

ಇನ್ನು ಕೆಲವರು ಹೇಳುವ ಪರಿಹಾರ ಇದಕ್ಕೆ ವಿರುದ್ಧವಾದುದು. ಎಲ್ಲವನ್ನೂ ಬೋನಿನಲ್ಲಿ ಹಿಡಿದು ಬೇರೆಲ್ಲಿಯಾದರೂ ಬಿಟ್ಟುಬಿಟ್ಟರಾಯಿತು ಎನ್ನುತ್ತಾರೆ. ಹಿಡಿದವರು ರಾತ್ರಿಯಲ್ಲಿ ಲಾರಿಯೊಂದನ್ನು ಇನ್ನೊಂದು ಊರಿನ ಗಡಿಯಲ್ಲಿ ನಿಲ್ಲಿಸಿ ಬೋನು ತೆರೆದರೆ ನಷ್ಟ ಕಡಿಮೆಯಾಗುವುದಿಲ್ಲ. ನಷ್ಟ ಹೊಂದುವವರ ಹೆಸರು ಬದಲಾಗುತ್ತದೆ, ಅಷ್ಟೆ. ಖಾಲಿಯಾದ ಜಾಗಕ್ಕೆ ಪಕ್ಕದ ಗುಂಪು ಬಂದು ಸೇರುತ್ತದೆ. ಮಲೆನಾಡಿನಲ್ಲಿ ಮಂಗಗಳಿಗಾಗಿಯೇ ಒಂದು ಉದ್ಯಾನ ಮಾಡಬೇಕೆಂಬ ಯೋಜನೆಯೂ ೨೦೨೦ರ ಸುಮಾರಿನಲ್ಲಿ ಚರ್ಚೆಗೆ ಬಂದಿತ್ತು. ಕಾಡಿನ ಪ್ರಾಣಿಗೆ ಕಾಡಿನ ನಡುವೆ ಉದ್ಯಾನ ಕಟ್ಟುವ ಯೋಚನೆ ವಿಚಿತ್ರವಾದುದು. ಅವು ಕಾಡನ್ನು ಬಿಟ್ಟು ಬಂದುದೇಕೆಂದು ಮೊದಲು ಕೇಳಬೇಡವೆ? ರಸ್ತೆ ಅಗಲವಾದಾಗ ಇಕ್ಕೆಲಗಳ ಆಲದ ಮರಗಳು ಹೋದವು. ನೂರು ಬಗೆಯ ಹಣ್ಣಿದ್ದ ಕಾಡಿನ ಜಾಗದಲ್ಲಿ ಎಷ್ಟೋ ಕಡೆ ಸಾಗುವಾನಿ, ಅಕೇಶಿಯಾ ನೆಟ್ಟರು. ಅಕೇಶಿಯಾ ತೋಪಿನಲ್ಲಿ ಮಂಗನಿಗೆ ತಿನ್ನಲು ಏನಿದೆ? ಇನ್ನೊಂದು ಮಾತು: ಮಂಗಗಳು ಎಲ್ಲೆಡೆ ಮಿತಿಮೀರಿ ಹೆಚ್ಚಿವೆಯೆಂಬ ಅಭಿಪ್ರಾಯವೂ ಪೂರ್ತಿ ನಿಜವಲ್ಲ. ಮೈಸೂರಿನ ಸುತ್ತಣ ಹೆದ್ದಾರಿಗಳ ಬದಿಯಲ್ಲಿದ್ದ ಮಂಗಗಳ ಗುಂಪುಗಳು ಮರಗಳು ಹೋದಂತೆ ಗಣನೀಯವಾಗಿ ಕಡಿಮೆಯಾದುದನ್ನು ಮೈಸೂರು ವಿಶ್ವವಿದ್ಯಾನಿಲಯದ ಪ್ರೊಫೆಸರ್ ಮೇವಾ ಸಿಂಗ್ ಮತ್ತು ಅವರ ಸಂಗಡಿಗರು ದೀರ್ಘಕಾಲದ ಅಧ್ಯಯನದಿಂದ ತೋರಿಸಿಕೊಟ್ಟಿದ್ದಾರೆ.

ಕೋಟೆಯೂ ಕೋತಿಯೂ ಕೂಡಿರುವ ಸ್ಥಳಗಳಲ್ಲಿ ಜಗತ್ತಿಗೆಲ್ಲ ಹೆಸರಾದುದು ಸ್ಪೇನಿನ ದಕ್ಷಿಣದ ತುದಿಯಲ್ಲಿರುವ ಜಿಬ್ರಾಲ್ಟರ್. ೧೭೦೪ರಲ್ಲಿ ಅದು ಬ್ರಿಟಿಷರ ವಶವಾಯಿತು. ಅಲ್ಲಿನ ಬಂಡೆಯ ಮೇಲೆ ಬಾಲವಿಲ್ಲದ ಬಾರ್ಬರಿ ಕೋತಿಗಳಿವೆ. ಯೂರೋಪಿನಲ್ಲಿ ಸ್ವಚ್ಛಂದವಾಗಿ ಬದುಕುವ ಕೋತಿಗಳು ಇವು ಮಾತ್ರ. ಕೋತಿಗಳಿರುವವರೆಗೆ ಬ್ರಿಟಿಷರ ಆಳ್ವಿಕೆಯೂ ಇರುವುದೆಂಬ ನಂಬಿಕೆ ಅಲ್ಲಿ ಬೆಳೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವುಗಳ ಸಂಖ್ಯೆ ತೀರ ಇಳಿದಾಗ, ಜಗತ್ತೆಲ್ಲ ಹೊತ್ತಿ ಉರಿಯುತ್ತಿದ್ದರೂ, ಪ್ರಧಾನಿ ಚರ್ಚಿಲ್ ಅವರು ಆಫ್ರಿಕದಿಂದ ಕೋತಿಗಳನ್ನು ತರಿಸಿ ಸಂಖ್ಯೆಯನ್ನು ಹೆಚ್ಚಿಸಬೇಕೆಂದು ಆಜ್ಞಾಪಿಸಿದರು. ಬಹುಕಾಲ ಅವುಗಳ ಯೋಗಕ್ಷೇಮವನ್ನು ಸೈನ್ಯವೇ ನೋಡಿಕೊಂಡಿತು. ಆದರೆ ಪ್ರವಾಸಿಗರು ತಿಂಡಿ ಕೊಟ್ಟು ಕೊಟ್ಟು ಕೋತಿಗಳು ಪೇಟೆಗೆ ಇಳಿಯತೊಡಗಿದವು. ೨೦೧೪ರಲ್ಲಿ ಸುಮಾರು ೩೦ ಕೋತಿಗಳನ್ನು ಸ್ಕಾಟ್ಲೆಂಡಿನ ಪ್ರಾಣಿವನಕ್ಕೆ ಸಾಗಿಸಬೇಕಾಯಿತು. ಈಗ ಅಲ್ಲಿ ಪ್ರವಾಸಿಗರು ಕೋತಿಗೆ ತಿನ್ನಿಸಿದರೆ ದಂಡ ತೆರಬೇಕು. ಹಣ್ಣು ತರಕಾರಿ ಕೊಡುವ ಕೆಲಸ ಅದಕ್ಕೆಂದು ನೇಮಕವಾದವರದು. ಸಾಮ್ರಾಜ್ಯದ ಗೌರವವೇ ಕೋತಿಯ ಮೇಲೆ ನಿಂತಿದೆಯೆಂದು ನಂಬಿದ ಜನರು ಕೂಡ ಕೊನೆಗೆ ಮಾಡಬೇಕಾದುದು ಜನರ ಕೈಯನ್ನು ತಡೆಯುವ ಕೆಲಸ.

ತಿನ್ನಿಸುವುದರ ವಿರುದ್ಧ ಇನ್ನೂ ಒಂದು ಕಾರಣವಿದೆ. ಸಿದ್ದಾಪುರದ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ೧೯೫೭ರಲ್ಲಿ ಬನವಾಸಿಗೆ ನೆರೆಯಾದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುಬಿದ್ದವು. ಕಾಡಿಗೆ ಹೋಗಿಬಂದವರಿಗೆ ತೀವ್ರವಾದ ಜ್ವರ ಬಂದಿತು. ವೈದ್ಯಶಾಸ್ತ್ರಕ್ಕೆ ಹೊಸದಾಗಿದ್ದ ಆ ವೈರಾಣುವಿಗೆ ಕ್ಯಾಸನೂರಿನ ಹೆಸರೇ ನಿಂತಿತು. ಜನ ಅದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ಈ ಹೆಸರಿನಿಂದ ಮಂಗಕ್ಕೆ ಅನ್ಯಾಯವಾಗಿದೆ. ರೋಗವನ್ನು ಹರಡುವುದು ಉಣುಗು. ಮಂಗ ಮನುಷ್ಯನಂತೆಯೇ ಅದಕ್ಕೆ ಬಲಿಯಾಗುವ ಪ್ರಾಣಿ, ಅದೂ ಮನುಷ್ಯನಿಗಿಂತ ಮೊದಲು. ಕಾಡಿನಲ್ಲಿ ಮಂಗ ಸತ್ತುಬಿದ್ದ ಸುದ್ದಿಯೇ ಊರಿಗೆ ದೊರೆಯುವ ಮುನ್ನೆಚ್ಚರಿಕೆ. ಸಿದ್ದಾಪುರ ತಾಲೂಕಿನಲ್ಲಿ ೨೦೨೪ರಲ್ಲಿಯೂ ಈ ಕಾಯಿಲೆ ಜೀವಹಾನಿ ಮಾಡಿತು. ಉಣುಗುಗಳ ಹಾವಳಿ ಹೆಚ್ಚುವುದು ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ. ಶಾಲೆಗಳ ಪ್ರವಾಸ ಹೊರಡುವುದೂ ಆ ತಿಂಗಳುಗಳಲ್ಲಿಯೇ. ಮಂಗಗಳನ್ನು ಮನುಷ್ಯರ ಬಳಿಗೆ ಕರೆಯುವುದು, ತರಗೆಲೆಯ ಮೇಲೆ ಬರಿಗಾಲಲ್ಲಿ ತಿರುಗುವುದು, ಸತ್ತ ಮಂಗವನ್ನು ಕೋಲಿನಿಂದ ಕೆದಕುವುದು ಇವು ಯಾವುವೂ ಆಟವಲ್ಲ. ಸತ್ತ ಮಂಗವನ್ನು ಕಂಡರೆ ದೂರ ನಿಂತು ಹತ್ತಿರದ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸುವುದು ಹುಡುಗರೂ ಮಾಡಬಹುದಾದ ದೊಡ್ಡ ಉಪಕಾರ.

ಆರಂಭದಲ್ಲಿ ಹೇಳಿದ ಸಿಂಗಳೀಕದ ಕಡೆಗೆ ಈಗ ಬರಬಹುದು. ಸೋದೆಯ ಹೆಬ್ಬಾಗಿಲಿನಲ್ಲಿ ಅದು ಕಾಣುವುದಿಲ್ಲ. ಪಶ್ಚಿಮಘಟ್ಟದ ಹೊರತು ಪ್ರಪಂಚದ ಬೇರಾವ ಕಾಡಿನಲ್ಲಿಯೂ ಅದಿಲ್ಲ. ಒಟ್ಟು ಉಳಿದಿರುವುದು ಸುಮಾರು ನಾಲ್ಕು ಸಾವಿರ. ಅಘನಾಶಿನಿಯ ಕಣಿವೆಯ ನಿತ್ಯಹಸುರಿನ ಕಾಡಿನಲ್ಲಿ ಆರುನೂರಕ್ಕೂ ಮಿಕ್ಕ ಸಿಂಗಳೀಕಗಳಿವೆಯೆಂದು ಸಂಶೋಧಕರು ಎಣಿಸಿದ ಮೇಲೆ, ೨೦೧೧ರಲ್ಲಿ ಸರಕಾರವು ಸುಮಾರು ೩೦೦ ಚದರ ಕಿಲೋಮೀಟರ್ ಕಾಡನ್ನು ಅದಕ್ಕಾಗಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ೨೦೧೯ರಲ್ಲಿ ಅದನ್ನೂ ಶರಾವತಿ ಕಣಿವೆಯ ಅಭಯಾರಣ್ಯವನ್ನೂ ಕೂಡಿಸಿ ಸಿಂಗಳೀಕದ ಹೆಸರಿನಲ್ಲಿ ದೊಡ್ಡ ಅಭಯಾರಣ್ಯವನ್ನು ಮಾಡಲಾಯಿತು. ಶಾಲ್ಮಲೆಯ ದಂಡೆಯ ಕಾಡಿನ ಒಂದು ಭಾಗವೂ ೨೦೧೨ರಲ್ಲಿ ಸಂರಕ್ಷಣಾ ಮೀಸಲಾಯಿತು. ಸಿಂಗಳೀಕ ಸಾಮಾನ್ಯವಾಗಿ ನೆಲಕ್ಕೆ ಇಳಿಯದು. ಮರದ ತುದಿಯಿಂದ ತುದಿಗೆ ಹೋಗುವುದೇ ಅದರ ದಾರಿ. ನಡುವೆ ಮರವಿಲ್ಲದಿದ್ದರೆ ದಾರಿ ಕಡಿದಂತೆ. ಉಪ್ಪಾಗೆಯ ಹಣ್ಣು ಅದಕ್ಕೆ ಬೇಕು, ಮನುಷ್ಯರಿಗೂ ಬೇಕು. ಉಪ್ಪಾಗೆಗೆ ಪೇಟೆಯಲ್ಲಿ ಬೆಲೆ ಬಂದಾಗ ಹಣ್ಣಾಗುವ ಮೊದಲೇ ಕೊಯ್ದು, ಕೊಂಬೆಯನ್ನೇ ಕಡಿದು ಒಯ್ದವರುಂಟು. ಅಲ್ಲಿ ಕೂಡ ಊರಿನವರನ್ನು ಹೊರಗಿಟ್ಟು ಕಾಡನ್ನು ಕಾಯಲಾಗದು. ಎಷ್ಟು ಕೊಯ್ಯಬೇಕು, ಯಾವಾಗ ಕೊಯ್ಯಬೇಕೆಂಬ ಒಡಂಬಡಿಕೆ ಊರವರಿಂದಲೇ ಬರಬೇಕು.

ಸಿಂಗಳೀಕದ ವಿಷಯದಲ್ಲಿ ಎಲ್ಲರೂ ಮರುಗುತ್ತಾರೆ, ಏಕೆಂದರೆ ಅದು ಅಪರೂಪ. ಹೆಬ್ಬಾಗಿಲಿನ ಮಂಗದ ವಿಷಯದಲ್ಲಿ ಯಾರೂ ಮರುಗುವುದಿಲ್ಲ, ಏಕೆಂದರೆ ಅದು ಕಣ್ಣೆದುರಿಗಿದೆ. ಕೋಟೆಗಳ ವಿಷಯದಲ್ಲಿಯೂ ಹೀಗೆಯೇ ನಡೆದಿದೆ. ಹಂಪೆಯ ಕಲ್ಲು ಬಿದ್ದರೆ ದೊಡ್ಡ ಸುದ್ದಿ. ಸೋದೆಯ ಕಲ್ಲು ಬಿದ್ದರೆ ಮರುದಿನ ಯಾರದೋ ಹಿತ್ತಿಲ ಗೋಡೆ. ಹೆಬ್ಬಾಗಿಲಿನ ಕಂಬದ ಮೇಲೆ ಮೊಳೆಯಿಂದ ಹೆಸರು ಕೊರೆದವರ ಸಂಖ್ಯೆ ಕಡಿಮೆಯೇನಲ್ಲ. ರವಿವರ್ಮನು ತನ್ನ ಹೆಸರನ್ನು ಕಲ್ಲಿನಲ್ಲಿ ಬರೆಯಿಸಿದುದು ಕೊಟ್ಟ ದಾನದ ದಾಖಲೆಗಾಗಿ. ಏನನ್ನೂ ಕೊಡದೆ ಹೆಸರು ಮಾತ್ರ ಕೊರೆಯುವವರ ಶಾಸನವನ್ನು ಮುಂದೆ ಯಾವ ವಿದ್ವಾಂಸನೂ ಓದುವ ಶ್ರಮ ತೆಗೆದುಕೊಳ್ಳಲಾರನು. ಮಂಗಗಳ ಮೇಲೆ ಈ ಅಪವಾದವನ್ನಾದರೂ ಹೊರಿಸುವಂತಿಲ್ಲ.

ಚೀಲ ಕಳೆದುಕೊಂಡ ಹುಡುಗನ ತಂಡವನ್ನು ಆ ಮುದುಕರು ತಮ್ಮ ತೋಟಕ್ಕೆ ಕರೆದೊಯ್ದರೆ, ಇತಿಹಾಸದ ಪಾಠಕ್ಕೆ ಅರ್ಧ ಗಂಟೆ ತಡವಾದರೂ ಅಧ್ಯಾಪಕರು ಬೇಡವೆನ್ನಬಾರದು. ಕಚ್ಚಿ ಉದುರಿಸಿದ ಎಳೆ ಅಡಿಕೆಯನ್ನು ಮಕ್ಕಳು ಕೈಯಲ್ಲಿ ಹಿಡಿದು ನೋಡಲಿ. ತೋಟದ ಮೇಲಣ ಬೆಟ್ಟದಲ್ಲಿ ಯಾವ ಯಾವ ಕಾಡುಹಣ್ಣಿನ ಮರಗಳಿದ್ದವು, ಯಾವಾಗ ಹೋದವೆಂದು ಕೇಳಲಿ. ಮುದುಕರಿಗೆ ಒಂದೊಂದರ ಹೆಸರೂ ನೆನಪಿರುತ್ತದೆ. ಆಮೇಲೆ ತಿಂಡಿಯ ಪೊಟ್ಟಣಗಳನ್ನೆಲ್ಲ ಬಸ್ಸಿನಲ್ಲಿಟ್ಟು, ಬರಿಗೈಯಲ್ಲಿ ಹೆಬ್ಬಾಗಿಲಿಗೆ ಹಿಂದಿರುಗಲಿ. ಹದಿನಾರು ಅಡಿಯ ಕಲ್ಲನ್ನು ಯಂತ್ರಗಳಿಲ್ಲದ ಕಾಲದಲ್ಲಿ ಎತ್ತಿ ನಿಲ್ಲಿಸಿದುದು ಹೇಗೆಂದು ಅಲ್ಲಿ ಕುಳಿತು ಲೆಕ್ಕ ಹಾಕಬಹುದು. ಕೈಯಲ್ಲಿ ಏನೂ ಇಲ್ಲದವರನ್ನು ಗೋಡೆಯ ಮೇಲಿನ ಮಂಗಗಳು ಒಮ್ಮೆ ನೋಡಿ, ಮುಖ ತಿರುಗಿಸಿ, ಒಂದರ ತಲೆಯನ್ನು ಇನ್ನೊಂದು ಹೆಕ್ಕುವ ತಮ್ಮ ಕೆಲಸಕ್ಕೆ ತೊಡಗುತ್ತವೆ.